ಕಳೆದ ದಿನಕ್ಕೆ ಮರಳಬಹುದೇ?



ಕಳೆದ ಸಮ್ಮೇಳನದ ದಿವಸ ಸಭೆಯು ಮುಗಿದು ಊಟವಾದ ತರುವಾಯ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಹತ್ತು ಹನ್ನೆರಡು ಮಂದಿ ಬೋರ್ಡಿಂಗಿನ ಪಡಸಾಲೆಯಲ್ಲಿ ಕುಳಿತು ಬಹಳ ಹೊತ್ತಿನ ವರೆಗೆ ವಾದಿಸುತ್ತಿದ್ದರು. ಹೊರಗೆ ಮಳೆಯು ಹಿಡಿದಿದ್ದುದರಿಂದ ಯಾರಿಗೂ ಏಳುವ ಅವಸರವಿರಲಿಲ್ಲ. ಅವರಲ್ಲಿ ಒಬ್ಬಳು ಹುಬ್ಬಳ್ಳಿಯಲ್ಲಿ ದಾದಿಯಾಗಿರುವಳು, ಇಬ್ಬರು ಶಿಕ್ಷಕಿಯರು, ಒಬ್ಬಳು ಗಣಕಯಂತ್ರದ ಕೆಲಸದವಳು, ಮಿಕ್ಕವರು ಮನೆವಾರ್ತೆಯನ್ನೂ ಹೊಲಮನೆಗಳನ್ನೂ ನೋಡಿಕೊಳ್ಳುವವರು. ವಾದದ ವಿಷಯವಾದರೋ ಅಮೇರಿಕಾ ದೇಶದ ದೂರದರ್ಶನದಲ್ಲಿ 1967ನೆಯ ಇಸವಿಯಲ್ಲಿ ತೋರಿಸಲ್ಪಟ್ಟ ಒಂದು ಕಥೆಯಾಗಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಪಾಲಕರು ಬಾಗಿಲಲ್ಲಿ ನಿಂತು ಕೇಳಿ, “ಇವರು ಯಾರ ಸಾವಿನ ವಿಷಯವಾಗಿ ಇಷ್ಟು ಜಗಳಾಡುತ್ತಿದ್ದಾರೆ?” ಎಂದು ನನ್ನನ್ನು ವಿಚಾರಿಸಿದರು. ಆ ಕಥೆಯ ಅರ್ಥವನ್ನೂ ವಾದದ ಸಾರವನ್ನೂ ಬರೆದು ತಿಳಿಸುವೆನೆಂದು ಆಗ ಮಾತು ಕೊಟ್ಟೆನು. ಅದನ್ನು ಈ ಸಂಚಿಕೆಯಲ್ಲಿ ಸಲ್ಲಿಸುತ್ತಿದ್ದೇನೆ.

ಕಾಲಯಾನವೆಂದರೇನು?

ನಾವು ಊರಿಂದೂರಿಗೆ ಹೋಗುವಂತೆ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಹೋಗುವದನ್ನು ಕಾಲಯಾನವೆಂದು ಕರೆಯುತ್ತಾರೆ. ಈ ಕಲ್ಪನೆಯು ನಮ್ಮ ನಾಡಿಗೆ ಹೊಸದಲ್ಲ. ಕುಶಸ್ಥಲಿಯ ಅರಸನಾದ ಕಕುದ್ಮಿ ರೈವತನು ತನ್ನ ಮಗಳಾದ ರೇವತಿಗೆ ತಕ್ಕ ವರನನ್ನು ಕೇಳುವದಕ್ಕಾಗಿ ಆಕೆಯನ್ನು ಸಂಗಡ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದನೆಂದು ಭಾಗವತದಲ್ಲಿ ಕಥೆಯುಂಟು. ಅಲ್ಲಿ ಸಂಗೀತವು ನಡೆದಿದ್ದರಿಂದ ಅವನು ಸ್ವಲ್ಪ ಹೊತ್ತು ಕಾದನು. ಅಷ್ಟರಲ್ಲಿ ಭೂಲೋಕದಲ್ಲಿ 27 ಚತುರ್ಯುಗಗಳು ಕಳೆದುಹೋಗಿದ್ದವು. ಪುರಾಣದ ಎಣಿಕೆಯಂತೆ ಒಂದು ಚತುರ್ಯುಗಕ್ಕೆ 43,20,000 ವರುಷ. ಗುಣಿಸಿದರೆ 11 ಕೋಟಿ 66 ಲಕ್ಷ 40 ಸಾವಿರ ವರುಷಗಳಾಗುವವು. ಅರಸನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ವರರು ಹಾಗಿರಲಿ, ಅವರ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಕಡೆಗೆ ರೇವತಿಯು ಬಲರಾಮನ ಕೈಹಿಡಿದಳು. ಹಿಂದಿನ ಯುಗದವಳಾದುದರಿಂದ ಬಹಳ ಎತ್ತರವಾಗಿದ್ದ ಆಕೆಯನ್ನು ಅವನು ತನ್ನ ನೇಗಿಲಿನಿಂದ ತಗ್ಗಿಸಿದನೆಂದು ವಿಷ್ಣುಪುರಾಣವು ಹೇಳುತ್ತದೆ.

ಪುರಾತನ ಕ್ರೈಸ್ತರಲ್ಲಿಯೂ ಇಂಥದೊಂದು ಕಥೆಯುಂಟು. ದೇಕಿಯನೆಂಬ ರೋಮ್ ಚಕ್ರವರ್ತಿಯು 250ನೆಯ ಇಸವಿಯ ಸುಮಾರಿಗೆ ವಿಶ್ವಾಸಿಗಳನ್ನು ಹಿಂಸಿಸುತ್ತಿರುವಾಗ ಎಫೆಸ ಪಟ್ಟಣದ ಏಳು ಮಂದಿ ಯುವಕರು ಗವಿಯೊಂದರಲ್ಲಿ ಅಡಗಿ ಮಲಗಿಬಿಟ್ಟರು. ಎಚ್ಚತ್ತು ರೊಟ್ಟಿಯನ್ನು ಕೊಳ್ಳಲು ಪೇಟೆಗೆ ಹೋದಾಗ ಅವರ ನಾಣ್ಯವು ಅಲ್ಲಿ ನಡೆಯಲಿಲ್ಲ. ಏಕೆಂದರೆ ಆಗ ಐದನೆಯ ಶತಮಾನವು ನಡೆದಿತ್ತು. ಈ ಯುವಕರ ಕಥೆಯನ್ನೇ ಮುಸಲ್ಮಾನ ಬಂಧುಗಳ ಕುರಾನಿನಲ್ಲಿಯೂ ಗವಿಯ ಅಧ್ಯಾಯದಲ್ಲಿ ಕಾಣಬಹುದು.

ಈ ಹಳೆಯ ಕಥೆಗಳಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಇವುಗಳಲ್ಲಿ ಮನುಷ್ಯನು ಮುಂದಕ್ಕೆ ಹೋಗುತ್ತಾನೆಯೇ ಹೊರತು ಹಿಂದಕ್ಕೆ ಬರುವದಿಲ್ಲ. ಆಗಿಹೋದುದನ್ನು ತಿದ್ದಬೇಕೆಂಬ ಹಂಬಲವು ಈಚಿನ ಕಥೆಗಳಲ್ಲಿಯೇ ಹೆಚ್ಚು. ನಮ್ಮ ಕನ್ನಡದಲ್ಲಿಯೂ 2024ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶ್ರೀನಿಧಿ ಬೆಂಗಳೂರು ಎಂಬವರು ನಿರ್ದೇಶಿಸಿದ ‘ಬ್ಲಿಂಕ್’ ಎಂಬ ಚಲನಚಿತ್ರವು ಬಂದಿತು. ಅದರಲ್ಲಿ ತರುಣನೊಬ್ಬನು ಕಣ್ಣೆವೆಯಿಕ್ಕದೆ ಇರುವಷ್ಟು ಹೊತ್ತು ಬೇರೆ ಕಾಲದಲ್ಲಿರಬಲ್ಲನು. ಈ ಕಲ್ಪನೆಯು ನಮ್ಮ ಮಾತಿಗೆ ಚೆನ್ನಾಗಿ ಒಪ್ಪುತ್ತದೆ. ನಿಮೇಷವೆಂದರೆ ಎವೆಯನ್ನು ಒಮ್ಮೆ ಇಕ್ಕುವಷ್ಟು ಕಾಲ. ಅದರಿಂದಲೇ ನಮ್ಮ ನಿಮಿಷವು ಹುಟ್ಟಿತು. ಎವೆಯಿಕ್ಕದ ದೇವತೆಗಳಿಗೆ ಅನಿಮಿಷರೆಂದು ಹೆಸರಾಯಿತು. ಪಡಸಾಲೆಯ ಮಾತು ಮೊದಲಾದದ್ದು ಈ ಚಿತ್ರದಿಂದಲೇ. ಆದರೆ ಗಣಕಯಂತ್ರದ ಕೆಲಸದವಳು, ಇದಕ್ಕಿಂತ ಮನಸ್ಸನ್ನು ಕಲಕುವ ಕಥೆಯೊಂದು ಹಳೆಯ ‘ಸ್ಟಾರ್ ಟ್ರೆಕ್’ ಮಾಲೆಯಲ್ಲಿದೆ ಎಂದು ಹೇಳಿ ಅದನ್ನು ಎಲ್ಲರಿಗೂ ತೋರಿಸಿದ್ದಳು.

ಕಥೆಯ ಸಾರಾಂಶ

‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿಯು 1966ರಿಂದ 1969ರ ವರೆಗೆ ಅಮೇರಿಕೆಯಲ್ಲಿ ನಡೆಯಿತು. ಮುಂದಿನ ಶತಮಾನಗಳಲ್ಲಿ ಮನುಷ್ಯರು ದೊಡ್ಡದೊಂದು ನೌಕೆಯಲ್ಲಿ ನಕ್ಷತ್ರಲೋಕಗಳನ್ನು ಸಂಚರಿಸುವ ಕಥೆಗಳು ಅದರಲ್ಲಿರುವವು. ನಾನು ಹೇಳತಕ್ಕ ಕಂತು 1967ನೆಯ ಇಸವಿ ಏಪ್ರಿಲ್ 6ನೆಯ ತಾರೀಖಿಗೆ ಪ್ರಸಾರವಾಯಿತು. ಅದರ ಹೆಸರು ‘ದಿ ಸಿಟಿ ಆನ್ ದಿ ಎಜ್ ಆಫ್ ಫಾರೆವರ್’, ಅಂದರೆ ಅನಂತಕಾಲದ ಅಂಚಿನಲ್ಲಿರುವ ಪಟ್ಟಣ. ಬರೆದವರು ಹಾರ್ಲನ್ ಎಲಿಸನ್. ಅವರ ಮೂಲ ಬರಹವನ್ನು ಧಾರಾವಾಹಿಯವರು ಬಹಳವಾಗಿ ತಿದ್ದಿದರು. ಆ ಕುರಿತು ಎಲಿಸನ್ನರು ಬಹುಕಾಲ ಅಸಮಾಧಾನಪಟ್ಟರು. ಆದರೂ 1968ರಲ್ಲಿ ಆ ಕಂತಿಗೆ ಹ್ಯೂಗೋ ಎಂಬ ಪ್ರಶಸ್ತಿಯೂ, ತಿದ್ದದಿದ್ದ ಮೂಲ ಬರಹಕ್ಕೆ ಅಮೇರಿಕೆಯ ಬರಹಗಾರರ ಸಂಘದ ಬಹುಮಾನವೂ ದೊರೆತವು.

ಕಥೆಯು ಹೀಗಿದೆ. ನೌಕೆಯ ವೈದ್ಯನಾದ ಮೆಕಾಯ್ ಎಂಬವನ ಮೈಯಲ್ಲಿ ತೀಕ್ಷ್ಣವಾದ ಔಷಧವು ಅಕಸ್ಮಾತ್ತಾಗಿ ಅತಿಯಾಗಿ ಸೇರಿ, ಅವನು ಬುದ್ಧಿಭ್ರಮಣೆಗೊಂಡು ಪಾಳುಬಿದ್ದ ಒಂದು ಲೋಕಕ್ಕೆ ಓಡಿಹೋಗುತ್ತಾನೆ. ಅಲ್ಲಿ ಕಲ್ಲಿನ ಬಳೆಯಂಥ ಒಂದು ಬಾಗಿಲು, ಅದು ಮಾತಾಡುವದು, ಅದರೊಳಗೆ ಹಿಂದಿನ ಕಾಲವೆಲ್ಲ ಹೊಳೆಯಂತೆ ಹರಿಯುವದು ಕಾಣುತ್ತದೆ. ವೈದ್ಯನು ಅದರೊಳಗೆ ಹಾರುತ್ತಾನೆ. ಒಡನೆಯೇ ಮೇಲಿದ್ದ ನೌಕೆಯು ಇಲ್ಲದಂತಾಗುತ್ತದೆ. ಅವನು ಹಿಂದಿನ ಕಾಲದಲ್ಲಿ ಏನನ್ನೋ ಬದಲಿಸಿದ್ದರಿಂದ ನೌಕೆಯನ್ನು ಕಟ್ಟಿದ ಲೋಕವೇ ಹುಟ್ಟಲಿಲ್ಲ. ಅದನ್ನು ಸರಿಪಡಿಸುವದಕ್ಕಾಗಿ ನಾಯಕನಾದ ಕರ್ಕನೂ ಅವನ ಸಂಗಡಿಗನಾದ ಸ್ಪಾಕನೂ ಅದೇ ಬಾಗಿಲಿನೊಳಗೆ ಹೊಕ್ಕು 1930ನೆಯ ಇಸವಿಯ ನ್ಯೂಯಾರ್ಕಿನಲ್ಲಿ ಇಳಿಯುತ್ತಾರೆ.

ಅದು ಕೆಲಸವಿಲ್ಲದೆ ಜನರು ಬೀದಿಪಾಲಾಗಿದ್ದ ಕಾಲ. ಆ ಪಟ್ಟಣದ ಒಂದು ಬಡ ಓಣಿಯಲ್ಲಿ ಈಡಿತ್ ಕೀಲರ್ ಎಂಬ ಸ್ತ್ರೀಯು ಮಿಶನ್ ಮನೆಯೊಂದನ್ನು ನಡಿಸುತ್ತಾಳೆ. ಹಸಿದು ಬಂದವರಿಗೆ ಸಾರು ಕೊಡುತ್ತಾಳೆ. ಸಾರಿನ ಸಂಗಡ ನಾಲ್ಕು ಬುದ್ಧಿಯ ಮಾತುಗಳನ್ನೂ ಹೇಳುತ್ತಾಳೆ. (ನಮ್ಮ ಬೋರ್ಡಿಂಗಿನ ಮಕ್ಕಳು ಇಲ್ಲಿ ನಕ್ಕರೆಂದು ಕೇಳಿದ್ದೇನೆ.) ಮನುಷ್ಯರು ಒಂದು ದಿನ ಹಸಿವನ್ನೂ ರೋಗವನ್ನೂ ಗೆದ್ದು ನಕ್ಷತ್ರಗಳಿಗೆ ಹೋಗುವರೆಂಬ ನಂಬಿಕೆಯು ಆಕೆಗುಂಟು. ಅಪರಿಚಿತರಾದ ಈ ಇಬ್ಬರಿಗೂ ಆಕೆ ತಾಸಿಗೆ 15 ಸೆಂಟಿನಂತೆ ಕಸಗುಡಿಸುವ ಕೆಲಸವನ್ನು ಕೊಡುತ್ತಾಳೆ. ಕರ್ಕನು ಆಕೆಯನ್ನು ಪ್ರೀತಿಸತೊಡಗುತ್ತಾನೆ. ಇತ್ತ ಸ್ಪಾಕನು ತನ್ನ ಯಂತ್ರದಲ್ಲಿ ಎರಡು ಭವಿಷ್ಯಗಳನ್ನು ಕಾಣುತ್ತಾನೆ. ಒಂದರಲ್ಲಿ ಆಕೆಯು ಅದೇ ವರುಷ ಬೀದಿಯಲ್ಲಿ ವಾಹನಕ್ಕೆ ಸಿಕ್ಕು ಸಾಯುತ್ತಾಳೆ. ಇನ್ನೊಂದರಲ್ಲಿ ಬದುಕಿ, ಯುದ್ಧವಿರೋಧದ ದೊಡ್ಡ ಚಳುವಳಿಯನ್ನು ಕಟ್ಟುತ್ತಾಳೆ. ಅದರಿಂದ ಅಮೇರಿಕೆಯು ಎರಡನೆಯ ಮಹಾಯುದ್ಧಕ್ಕೆ ಸೇರುವದು ತಡವಾಗಿ, ಹಿಟ್ಲರನ ಜರ್ಮನಿಯು ಅಣುಬಾಂಬನ್ನು ಮೊದಲು ಮಾಡಿ ಲೋಕವನ್ನು ಗೆಲ್ಲುತ್ತದೆ. ಆಕೆಯು ಬಯಸಿದ್ದು ಸರಿ, ಆದರೆ ಕಾಲವು ಅದಕ್ಕೆ ತಕ್ಕದ್ದಾಗಿರಲಿಲ್ಲವೆಂಬದು ಸ್ಪಾಕನ ತೀರ್ಪು. ಕೊನೆಗೆ ಆ ಗಳಿಗೆಯು ಬರುತ್ತದೆ. ಈಡಿತಳು ಬೀದಿಯನ್ನು ದಾಟುತ್ತಾಳೆ, ಲಾರಿಯು ಬರುತ್ತದೆ, ವೈದ್ಯನು ಆಕೆಯನ್ನು ಉಳಿಸಲು ಧಾವಿಸುತ್ತಾನೆ, ಆಕೆಯನ್ನು ಪ್ರೀತಿಸಿದ ಕರ್ಕನೇ ವೈದ್ಯನನ್ನು ಬಿಗಿಹಿಡಿದು ನಿಲ್ಲಿಸುತ್ತಾನೆ. ಆಕೆಯು ಸಾಯುತ್ತಾಳೆ. ಲೋಕವು ಮೊದಲಿನಂತಾಗುತ್ತದೆ.

ಪಡಸಾಲೆಯ ವಾದಗಳು

ಅಂದಿನಿಂದ ಈ ವರೆಗೆ ಈ ಕಥೆಯ ಅಭಿಮಾನಿಗಳು ಎಷ್ಟೋ ದೇಶಗಳಲ್ಲಿ ವಾದಿಸುತ್ತಲೇ ಇದ್ದಾರೆ. ಅವರ ಪ್ರಶ್ನೆಗಳೇ ನಮ್ಮ ಪಡಸಾಲೆಯಲ್ಲಿಯೂ ಹುಟ್ಟಿದವು.

ಮೊದಲನೆಯದು ಶಿಕ್ಷಕಿಯೊಬ್ಬಳ ಪ್ರಶ್ನೆ: ಈಡಿತಳನ್ನು ಕೊಲ್ಲಗೊಡುವದೇಕೆ? ಅದೇ ಬಾಗಿಲಿನಿಂದ ತಮ್ಮ ಕಾಲಕ್ಕೆ ಕರೆದುಕೊಂಡು ಹೋಗಿದ್ದರೆ 1930ರಲ್ಲಿ ಆಕೆಯು ಇಲ್ಲದಂತೆಯೂ ಆಗುತ್ತಿತ್ತು, ಜೀವವೂ ಉಳಿಯುತ್ತಿತ್ತು. ಇದಕ್ಕೆ ಇನ್ನೊಬ್ಬಳು, ಎಲ್ಲವೂ ಮೊದಲಿದ್ದಂತಾಗದೆ ಬಾಗಿಲು ಯಾರನ್ನೂ ಹಿಂದಕ್ಕೆ ಬಿಡುವದಿಲ್ಲವೆಂದು ಉತ್ತರ ಕೊಟ್ಟಳು. ಉತ್ತರವು ಚಮತ್ಕಾರವಾಗಿದೆ. ಆದರೆ ಕಥೆಯಲ್ಲಿ ಯಾರೂ ಆ ಬಾಗಿಲನ್ನು ಒಂದು ಮಾತು ಕೇಳಿಯೂ ನೋಡಲಿಲ್ಲವೆಂಬದು ಮೊದಲಿನವಳ ದೂರು. ನನಗೂ ಆ ದೂರು ನ್ಯಾಯವೆಂದು ತೋರುತ್ತದೆ.

ಎರಡನೆಯದು ಇತಿಹಾಸದ ಪ್ರಶ್ನೆ. ಒಬ್ಬ ಸ್ತ್ರೀಯ ಮಾತಿನಿಂದ ಅಷ್ಟು ದೊಡ್ಡ ಯುದ್ಧವು ತಿರುಗುತ್ತಿತ್ತೇ? ನಿಜವಾದ ಇತಿಹಾಸದಲ್ಲಿ ಅಮೇರಿಕೆಯು ಯುದ್ಧಕ್ಕೆ ಸೇರಿದ್ದು 1941ನೆಯ ಇಸವಿ ಡಿಸೆಂಬರ್ 7ನೆಯ ತಾರೀಖಿಗೆ ಜಪಾನಿನವರು ಪರ್ಲ್ ಹಾರ್ಬರನ್ನು ಹೊಡೆದ ಮೇಲೆ. ನಾಲ್ಕು ದಿವಸಗಳ ತರುವಾಯ ಜರ್ಮನಿಯೇ ಅಮೇರಿಕೆಯ ಮೇಲೆ ಯುದ್ಧ ಸಾರಿತು. ಜರ್ಮನಿಯ ಅಣುವಿದ್ಯೆಗೆ ಬೇಕಾದ ಭಾರಜಲವು ನಾರ್ವೆ ದೇಶದ ವೆಮೋರ್ಕ್ ಎಂಬಲ್ಲಿ ತಯಾರಾಗುತ್ತಿತ್ತು. ಅದನ್ನು 1943ರ ಫೆಬ್ರುವರಿಯಲ್ಲಿ ನಾರ್ವೆಯ ವೀರರು ಕೆಡಿಸಿದರು. ಅಣುಬಾಂಬನ್ನು ಮೊದಲು ಮಾಡಿದ್ದು ಅಮೇರಿಕೆ. 1945ನೆಯ ಇಸವಿ ಆಗಸ್ಟ್ 6 ಮತ್ತು 9ನೆಯ ತಾರೀಖುಗಳಿಗೆ ಹಿರೋಶಿಮಾ ನಾಗಸಾಕಿಗಳ ಮೇಲೆ ಹಾಕಿದ್ದೂ ಅದೇ. ಆದಕಾರಣ ಬಾಂಬು ತಕ್ಕವರ ಕೈಗೆ ಸೇರಿತೆಂದು ನೆಮ್ಮದಿಯಿಂದ ಹೇಳುವ ಕಥೆಯನ್ನು ಹಿರೋಶಿಮೆಯ ತಾಯಂದಿರ ಮುಂದೆ ಓದುವದು ಕಷ್ಟವೇ ಸರಿ.

ಮೂರನೆಯ ಪ್ರಶ್ನೆಯನ್ನು ಕೇಳಿದವಳು ಅಂದು ಎಲ್ಲರಿಗಿಂತಲೂ ಕಡಿಮೆ ಮಾತಾಡಿದವಳು. ಕಥೆಯ ನಡುವೆ ಮನೆಮಾರಿಲ್ಲದ ಒಬ್ಬ ಬಡವನು ಬರುತ್ತಾನೆ. ಮೂರ್ಛೆಹೋದ ವೈದ್ಯನ ಜೇಬಿನಿಂದ ಮುಂದಿನ ಕಾಲದ ಆಯುಧವೊಂದನ್ನು ತೆಗೆದುಕೊಂಡು, ಅದೇನೆಂದು ತಿಳಿಯದೆ ಒತ್ತಿ, ಒಂದು ಕ್ಷಣದಲ್ಲಿ ಭಸ್ಮವಾಗಿ ಹೋಗುತ್ತಾನೆ. ಅವನೂ ಸಾಯಬಾರದ ಕಾಲದಲ್ಲಿ ಸತ್ತನು. ಆದರೂ ಇತಿಹಾಸವು ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನನ್ನು ಹುಡುಕಿದವರಿಲ್ಲ, ನೆನೆದವರೂ ಇಲ್ಲ. “ಹಂಗಾರ ಬಡವ್ರು ಸತ್ರ ಲೆಕ್ಕಕ್ಕಿಲ್ಲೇನು?” ಎಂದು ಅವಳು ಕೇಳಿದಳು. ಪಡಸಾಲೆಯು ಸ್ವಲ್ಪ ಹೊತ್ತು ಸುಮ್ಮನಾಯಿತು. ಈ ಕಥೆಯನ್ನು ಕುರಿತು ನಾನು ಕೇಳಿದ ಪ್ರಶ್ನೆಗಳಲ್ಲೆಲ್ಲಾ ಇದೇ ದೊಡ್ಡದು. ಅಧ್ಯಕ್ಷರನ್ನು ಭೇಟಿಯಾಗಬಲ್ಲ ಸ್ತ್ರೀಯ ಜೀವವನ್ನು ಕಥೆಯು ತೂಗಿ ನೋಡಿತು. ಆಕೆಯ ಸಾರಿಗಾಗಿ ಸಾಲಿನಲ್ಲಿ ನಿಂತವನ ಜೀವವನ್ನು ತಕ್ಕಡಿಯಲ್ಲಿ ಇಡಲೇ ಇಲ್ಲ. ಈಡಿತಳು ಇದ್ದಿದ್ದರೆ ಅದನ್ನು ಒಪ್ಪುತ್ತಿರಲಿಲ್ಲ. ಅವಳ ಮಿಶನ್ ಮನೆಯಿದ್ದದ್ದು ಅಂಥವನಿಗಾಗಿಯೇ.

ಶಾಸ್ತ್ರವು ಹೇಳುವದೇನು?

ಇದೆಲ್ಲವೂ ಬರಿಯ ಕಟ್ಟುಕಥೆಯೇ, ಅಥವಾ ವಿಜ್ಞಾನಶಾಸ್ತ್ರದಲ್ಲಿ ಇದಕ್ಕೆ ಆಧಾರವುಂಟೇ ಎಂದು ಪಾಲಕರು ಕೇಳಬಹುದು. ಮುಂದಕ್ಕೆ ಹೋಗುವದಕ್ಕೆ ಆಧಾರವುಂಟು. ವೇಗವಾಗಿ ಚಲಿಸುವವರಿಗೆ ಕಾಲವು ನಿಧಾನವಾಗಿ ಸಾಗುವದೆಂದು ಐನ್‌ಸ್ಟೈನರು 1905ನೆಯ ಇಸವಿಯಲ್ಲಿ ತೋರಿಸಿದರು; ಭೂಮಿಯ ಸೆಳೆತವು ಕಡಿಮೆಯಾದಲ್ಲಿ ಕಾಲವು ಬೇಗ ಸಾಗುವದೆಂದು ಅವರ ಮುಂದಿನ ಸಿದ್ಧಾಂತದಿಂದ ತಿಳಿಯಿತು. 1971ರ ಅಕ್ಟೋಬರಿನಲ್ಲಿ ಹಾಫೆಲ್ ಮತ್ತು ಕೀಟಿಂಗ್ ಎಂಬ ಇಬ್ಬರು ಅತಿ ಸೂಕ್ಷ್ಮವಾದ ಪರಮಾಣು ಗಡಿಯಾರಗಳನ್ನು ಸಾಮಾನ್ಯ ವಿಮಾನಗಳಲ್ಲಿಟ್ಟುಕೊಂಡು ಭೂಮಿಯನ್ನು ಸುತ್ತಿದರು. ಪೂರ್ವಕ್ಕೆ ಸುತ್ತಿದ ಗಡಿಯಾರಗಳು ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ 59 ಪಾಲು ಹಿಂದುಳಿದವು. ಪಶ್ಚಿಮಕ್ಕೆ ಸುತ್ತಿದವು 273 ಪಾಲು ಮುಂದಾದವು. ಇದು ಅತ್ಯಲ್ಪವಾದರೂ ಸತ್ಯ. ನಿಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲು ದಾರಿಯನ್ನು ತೋರಿಸುವದಷ್ಟೇ? ಅದಕ್ಕೆ ಸಂಕೇತ ಕಳುಹಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನವೊಂದಕ್ಕೆ ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 38 ಪಾಲು ಮುಂದೋಡುವವು. ಈ ಲೆಕ್ಕವನ್ನು ಸರಿಪಡಿಸದಿದ್ದರೆ ದಾರಿಯ ಗುರುತು ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ತಪ್ಪೀತು. ರೇವತಿಯ ಕಥೆಯು ಪುರಾಣವಾದರೂ, ಒಬ್ಬರಿಗೆ ಸ್ವಲ್ಪ ಕಾಲವೂ ಇನ್ನೊಬ್ಬರಿಗೆ ಬಹುಕಾಲವೂ ಕಳೆಯಬಹುದೆಂಬ ಮಾತು ಇಂದು ಪಾಠಪುಸ್ತಕದ ವಿಷಯವೇ ಆಗಿದೆ.

ಹಿಂದಿನ ಕಾಲವನ್ನು ನೋಡುವದಕ್ಕೂ ಆಧಾರವುಂಟು. ರಾತ್ರಿ ನಿಮ್ಮ ಮನೆಯಂಗಳದಲ್ಲಿ ನಿಂತು ಆಕಾಶವನ್ನು ನೋಡಿರಿ. ಲುಬ್ಧಕ ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟುವದಕ್ಕೆ ಎಂಟೂವರೆ ವರುಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ರೋಹಿಣಿಯ ಬೆಳಕಿಗೆ ಸುಮಾರು 65 ವರುಷ. ಈಗ ನಮ್ಮ ಕಣ್ಣಿಗೆ ಬೀಳುವ ಬೆಳಕು ಹೊರಟಾಗ ನಮ್ಮ ನಾಡಿಗೆ ಇನ್ನೂ ಮೈಸೂರು ರಾಜ್ಯವೆಂಬ ಹೆಸರಿತ್ತು. ಹೀಗೆ ನಾವು ದಿನಾಲು ಕಳೆದುದನ್ನು ಕಾಣುತ್ತೇವೆ, ಮುಟ್ಟಲಾರೆವು.

ಹಿಂದಕ್ಕೆ ಹೋಗಿ ಮುಟ್ಟುವ ಮಾತೇ ಕಠಿಣವಾದದ್ದು. ಐನ್‌ಸ್ಟೈನರ ಸಮೀಕರಣಗಳಿಂದಲೇ ಹಿಂದಿನ ಕಾಲಕ್ಕೆ ಬಂದು ಕೂಡುವ ದಾರಿಯು ಲೆಕ್ಕದಲ್ಲಿ ಸಾಧ್ಯವೆಂದು ಗೋಡೆಲ್ ಎಂಬ ಗಣಿತಜ್ಞರು 1949ರಲ್ಲಿ ತೋರಿಸಿದರು. ಆದರೆ ಅದಕ್ಕೆ ಇಡೀ ವಿಶ್ವವೇ ತಿರುಗುತ್ತಿರಬೇಕು. ಸ್ಟೀಫನ್ ಹಾಕಿಂಗರು 2009ನೆಯ ಇಸವಿ ಜೂನ್ 28ನೆಯ ತಾರೀಖಿಗೆ ಕಾಲಯಾನಿಗಳಿಗಾಗಿ ಔತಣವನ್ನು ಸಿದ್ಧಪಡಿಸಿ, ಔತಣವು ಮುಗಿದ ಮೇಲೆ ಆಮಂತ್ರಣವನ್ನು ಪ್ರಕಟಿಸಿದರು. ಹಿಂದಕ್ಕೆ ಬರಬಲ್ಲವರಿದ್ದರೆ ಓದಿ ಬಂದಾರೆಂಬದು ಅವರ ವಿನೋದ. ಯಾರೂ ಬರಲಿಲ್ಲ.

ಹಿಂದಕ್ಕೆ ಹೋಗುವದರಲ್ಲಿ ತರ್ಕದ ತೊಡಕೂ ಒಂದುಂಟು. ಹುಡುಗಿಯೊಬ್ಬಳು ಹಿಂದಕ್ಕೆ ಹೋಗಿ ತನ್ನ ಅಜ್ಜ ಅಜ್ಜಿಯರ ಮದುವೆಯ ಮಾತುಕತೆಯನ್ನು ಮುರಿದಳೆಂದು ತಿಳಿಯಿರಿ. ಆಗ ಅವಳ ತಾಯಿಯು ಹುಟ್ಟಲಾರಳು. ತಾಯಿಯಿಲ್ಲದೆ ಅವಳೂ ಇಲ್ಲ. ಅವಳೇ ಇಲ್ಲವಾದ ಮೇಲೆ ಮಾತುಕತೆಯನ್ನು ಮುರಿದವರು ಯಾರು? ಇದಕ್ಕೆ ಪಂಡಿತರು ಮೂರು ವಿಧವಾಗಿ ಉತ್ತರ ಕೊಡುತ್ತಾರೆ. ಆದದ್ದು ಆಗಿಯೇ ತೀರುವದು, ಅವಳು ಎಷ್ಟು ಪ್ರಯತ್ನಿಸಿದರೂ ಮದುವೆಯು ನಿಲ್ಲದೆಂಬದು ಒಂದು. ಅವಳು ಮುರಿದ ಗಳಿಗೆಯಿಂದ ಬೇರೊಂದು ಲೋಕವು ಕವಲೊಡೆಯುವದು, ಅವಳ ಸ್ವಂತ ಲೋಕವು ಇದ್ದಂತೆಯೇ ಇರುವದೆಂಬದು ಎರಡನೆಯದು. ಹಳೆಯದು ಅಳಿಸಿಹೋಗಿ ಹೊಸದು ಅದರ ಮೇಲೆ ಬರೆಯಲ್ಪಡುವದೆಂಬದು ಮೂರನೆಯದು. ನಾವು ನೋಡಿದ ಕಥೆಯು ಈ ಮೂರನೆಯ ಮತದ್ದು. ಎದೆಗೆ ಹೆಚ್ಚು ತಗಲುವದೂ ಇದೇ.

ಹಿಜ್ಕೀಯನ ಹದಿನೈದು ವರುಷ

ನಮ್ಮ ಸತ್ಯವೇದವನ್ನು ಬಲ್ಲವರಿಗೆ ಇಲ್ಲಿ ಒಬ್ಬ ಅರಸನು ನೆನಪಿಗೆ ಬಾರದಿರನು. ಯೆಹೂದದ ಅರಸನಾದ ಹಿಜ್ಕೀಯನು ಮರಣಕರವಾದ ರೋಗದಲ್ಲಿ ಬಿದ್ದು ಗೋಡೆಯ ಕಡೆಗೆ ಮುಖಮಾಡಿ ಅತ್ತು ಪ್ರಾರ್ಥಿಸಿದನು. ದೇವರು ಅವನ ಆಯುಷ್ಯಕ್ಕೆ 15 ವರುಷಗಳನ್ನು ಕೂಡಿಸಿಕೊಟ್ಟನು. ಅದರ ಗುರುತಾಗಿ ನೆರಳು ಹತ್ತು ಮೆಟ್ಟಿಲು ಹಿಂದಕ್ಕೆ ಸರಿಯಿತು. ಕಾಲವೇ ಹಿಂದಕ್ಕೆ ಬಂದಂತೆ ಕಾಣುವ ಪ್ರಸಂಗವಿದು. ಭಾನುವಾರದ ಶಾಲೆಯಲ್ಲಿ ಇದನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಮುಂದಿನ ಅಧ್ಯಾಯವನ್ನು ಲೆಕ್ಕದ ಕಣ್ಣಿನಿಂದ ಓದಿರಿ. ಹಿಜ್ಕೀಯನ ತರುವಾಯ ಪಟ್ಟಕ್ಕೆ ಬಂದ ಮಗನಾದ ಮನಸ್ಸೆಗೆ ಆಗ 12 ವರುಷ. ಅಂದ ಮೇಲೆ ಆ ಮಗನು ಹುಟ್ಟಿದ್ದು ಕೂಡಿಸಿಕೊಟ್ಟ 15 ವರುಷಗಳಲ್ಲಿಯೇ. ಅವನು 55 ವರುಷ ಆಳಿ, ಯೆರೂಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದನು.

ಇಷ್ಟನ್ನೇ ನೋಡಿದವರು, ಹಿಜ್ಕೀಯನು ಆ ದಿವಸವೇ ಸತ್ತಿದ್ದರೆ ಒಳಿತಾಗುತ್ತಿತ್ತೆಂದು ಸ್ಪಾಕನಂತೆ ತೀರ್ಪು ಕೊಟ್ಟಾರು. ಆದರೆ ಇನ್ನೂ ಒಂದು ಪುಟವನ್ನು ತಿರುವಬೇಕು. ಆ ಮನಸ್ಸೆಯ ಮೊಮ್ಮಗನೇ ಯೋಷೀಯನು; ಎಂಟನೆಯ ವಯಸ್ಸಿನಲ್ಲಿ ಅರಸನಾಗಿ, ಮರೆತುಹೋಗಿದ್ದ ಧರ್ಮಶಾಸ್ತ್ರದ ಗ್ರಂಥವು ಸಿಕ್ಕಾಗ ಅದನ್ನು ಜನರೆಲ್ಲರಿಗೆ ಓದಿಸಿ ಕೇಳಿಸಿದ ಒಳ್ಳೆಯ ಅರಸನು. ಮತ್ತಾಯನು ಬರೆದ ವಂಶಾವಳಿಯಲ್ಲಿ ಹಿಜ್ಕೀಯನು, ಮನಸ್ಸೆಯು, ಆಮೋನನು, ಯೋಷೀಯನು ಈ ನಾಲ್ವರೂ ಒಂದರ ಹಿಂದೊಂದು ಕೊಂಡಿಯಂತೆ ನಿಂತು ನಮ್ಮ ಕರ್ತನ ವರೆಗೆ ಸಾಗುತ್ತಾರೆ. ಎಷ್ಟು ಪುಟಗಳ ವರೆಗೆ ಓದಿ ಲೆಕ್ಕವನ್ನು ಮುಗಿಸಬೇಕು? ಸ್ಪಾಕನ ಯಂತ್ರವು ಕೆಲವೇ ವರುಷಗಳ ಪತ್ರಿಕೆಗಳನ್ನು ಓದಿ ನಿಲ್ಲಿಸಿತು. ಹಾಗೆಂದು ಮನಸ್ಸೆಯ ದುಷ್ಟತನವು ಒಳ್ಳೆಯದಾಯಿತೆಂದು ಅರ್ಥವಲ್ಲ. ಕೆಟ್ಟದ್ದು ಕೆಟ್ಟದ್ದೇ. ಅದರ ಬೇರಿನಿಂದಲೂ ಒಳ್ಳೆಯ ಚಿಗುರನ್ನು ತೆಗೆಯಬಲ್ಲವನು ದೇವರೊಬ್ಬನೇ. ಆ ಲೆಕ್ಕವು ನಮ್ಮ ಕೈಗೆ ಕೊಡಲ್ಪಟ್ಟಿಲ್ಲ.

ಆ ರಾತ್ರಿ ಕೊಡದಿದ್ದ ಉತ್ತರ

ವಾದವು ಮುಗಿಯುವಾಗ ದಾದಿಯಾದವಳು ನನ್ನ ಕಡೆಗೆ ತಿರುಗಿ, “ಅಕ್ಕಾರ, ಅಂಥಾ ಬಾಗಲಾ ನಿಮಗ ಸಿಕ್ಕರ ಯಾವ ದಿನಕ್ಕ ಹೋಗ್ತೀರಿ?” ಎಂದು ಕೇಳಿದಳು. ನಾನು ನಕ್ಕು, ಮಲಗುವ ಹೊತ್ತಾಯಿತೆಂದೆನು. ಉತ್ತರವು ನನ್ನಲ್ಲಿತ್ತು, ಎಲ್ಲರ ಮುಂದೆ ಹೇಳುವ ಧೈರ್ಯವಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಸುಮಾರು ಇಪ್ಪತ್ತು ವರುಷಗಳ ಹಿಂದೆ ಒಂದು ಶುಕ್ರವಾರದ ಸಂಜೆ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿಗೆ ಬಂದು, “ಸೋಮವಾರ ನಾ ಬರೂದಿಲ್ಲರಿ, ಅಕ್ಕಾರ” ಎಂದಳು. ನಾನು ರೇಖಾಗಣಿತದ ವಹಿಗಳನ್ನು ತಿದ್ದುತ್ತಿದ್ದೆನು. ಏಕೆಂದು ಕೇಳಿದೆನು. ಅವಳು ಮಾತಾಡದೆ ನಿಂತಳು. ಊರ ಜಾತ್ರೆಯೋ, ಬಂಧುಗಳ ಮನೆಯೋ ಇರಬೇಕು, ಸೋಮವಾರ ವಿಚಾರಿಸಿದರಾಯಿತು ಎಂದುಕೊಂಡು ಮತ್ತೆ ವಹಿಗೆ ತಲೆಬಾಗಿಸಿದೆನು. ಭಾನುವಾರ ಅವಳ ಮದುವೆಯಾಯಿತು. ಅವಳಿಗೆ 15 ವರುಷ. ಅವಳ ವಹಿಯು ನನ್ನಲ್ಲಿಯೇ ಉಳಿಯಿತು. ಕೊನೆಯ ಪುಟದಲ್ಲಿ ಒಂದು ಪ್ರಮೇಯವು ಅರ್ಧಕ್ಕೆ ನಿಂತಿದೆ.

ಆ ಶುಕ್ರವಾರಕ್ಕೆ ನಾನು ಎಷ್ಟು ಸಲ ಮರಳಿದ್ದೇನೋ ದೇವರೇ ಬಲ್ಲನು. ಪ್ರತಿಸಲವೂ ಲೇಖಣಿಯನ್ನು ಕೆಳಗಿಟ್ಟು, ಅವಳ ಸಂಗಡ ಮನೆಯ ವರೆಗೆ ನಡೆದು, ಅವಳ ತಂದೆಯ ಕಟ್ಟೆಯ ಮೇಲೆ ಕುಳಿತು ಮಾತಾಡಿದ್ದೇನೆ. ಪ್ರತಿಸಲವೂ ಆ ಮದುವೆಯು ನಿಂತಿದೆ.

ಈಚೆಗೆ ಒಂದು ಜೂನ್ ತಿಂಗಳಲ್ಲಿ ಅವಳೇ ಶಾಲೆಗೆ ಬಂದಳು. ಕೈಯಲ್ಲಿ ಮಗಳನ್ನು ಹಿಡಿದುಕೊಂಡಿದ್ದಳು. ಎಂಟನೆಯ ಇಯತ್ತೆಗೆ ಹೆಸರು ಹಚ್ಚಬೇಕಾಗಿತ್ತು. ನಾನು ಏನೋ ಹೇಳಲು ಬಾಯಿ ತೆರೆದೆನು, ಅವಳು ತಡೆದು, “ಆಗಿದ್ದು ಆಗಿಹೋತ್ರಿ, ಅಕ್ಕಾರ. ಈಕಿನ್ನ ಕಲಸ್ರಿ” ಎಂದಳು. ಆ ಮಗಳು ಈಗ ಮೊದಲನೆಯ ಬೆಂಚಿನಲ್ಲಿ ಕೂಡುತ್ತಾಳೆ. ತಾಯಿಯಂತೆಯೇ ರೇಖಾಗಣಿತದಲ್ಲಿ ಜಾಣೆ. ಈ ಸಂಗತಿಯನ್ನು ಬರೆಯುವದಕ್ಕೆ ಆ ತಾಯಿಯ ಅಪ್ಪಣೆಯನ್ನು ಪಡೆದಿದ್ದೇನೆ. ಹೆಸರನ್ನು ಮಾತ್ರ ಬರೆಯುವದಿಲ್ಲ.

ಪ್ರಿಯರೇ, ಈಗ ಆ ಕಲ್ಲಿನ ಬಾಗಿಲು ನನ್ನ ಮುಂದೆ ತೆರೆದರೆ ನಾನೇನು ಮಾಡಲಿ? ಆ ಶುಕ್ರವಾರಕ್ಕೆ ಹೋಗಿ ಮದುವೆಯನ್ನು ನಿಲ್ಲಿಸಿದರೆ ಮೊದಲನೆಯ ಬೆಂಚು ಬರಿದಾಗುವದು. ನಿಲ್ಲಿಸದಿದ್ದರೆ 15 ವರುಷದ ಆ ಹುಡುಗಿಗಾದ ಅನ್ಯಾಯಕ್ಕೆ ನಾನು ಎರಡನೆಯ ಸಲ ಒಪ್ಪಿದಂತಾಗುವದು. ಕರ್ಕನು ನಿಂತ ಬೀದಿಯಲ್ಲಿ ನಿಲ್ಲುವದೆಂದರೇನೆಂದು ಆಗ ನನಗೆ ತಿಳಿಯಿತು. ಬಹಳ ಯೋಚಿಸಿ ನಾನು ಕಂಡುಕೊಂಡ ಉತ್ತರವು ಇದು: ನಾನು ಆ ಬಾಗಿಲನ್ನು ಹೊಗಲಾರೆನು, ಅದು ನನಗೆ ತೆರೆದಿಲ್ಲವೆಂಬದಕ್ಕಾಗಿ ದೇವರನ್ನು ಸ್ತುತಿಸುತ್ತೇನೆ. ಆದರೆ ಮಗಳು ಹುಟ್ಟಿದಳೆಂಬದರಿಂದ ನನ್ನ ತಪ್ಪು ಸರಿಯಾಗಲಿಲ್ಲ. ಪಶ್ಚಾತ್ತಾಪವೆಂದರೆ ಕಳೆದ ದಿನವು ಇಲ್ಲವಾಗಲೆಂದು ಬೇಡುವದಲ್ಲ. ಅಂಥದೇ ದಿನವು ಮತ್ತೆ ಬಂದಾಗ ಬೇರೆ ರೀತಿಯಿಂದ ನಡೆಯುವದು.

ಅದು ಮತ್ತೆ ಬರುತ್ತದೆ. ನಮ್ಮ ಸೀಮೆಯಲ್ಲಿ ಸುಗ್ಗಿಯು ಮುಗಿದು ಮದುವೆಗಳು ಮೊದಲಾದಾಗ ಯಾವಳಾದರೂ ಹುಡುಗಿಯು, ಸೋಮವಾರ ಬರುವದಿಲ್ಲವೆಂದು ಹೇಳುತ್ತಾಳೆ. ಅಥವಾ ಹೇಳದೆಯೇ ನಿಲ್ಲುತ್ತಾಳೆ. ಆ ದಿವಸದಿಂದ ಈ ಶಾಲೆಯಲ್ಲಿ ಒಂದು ನಿಯಮವನ್ನು ಇಟ್ಟುಕೊಂಡಿದ್ದೇವೆ. ಅಂಥ ಮಾತು ಕಿವಿಗೆ ಬಿದ್ದರೆ, ಅದೇ ಸಂಜೆ ದೀಪ ಹಚ್ಚುವದರೊಳಗಾಗಿ ನಮ್ಮಲ್ಲಿ ಒಬ್ಬರು ಅವಳ ಮನೆಗೆ ಹೋಗುವದು. ಸೋಮವಾರದ ವರೆಗೆ ಕಾಯುವದಿಲ್ಲ.

ಕಾನೂನು ಸಹ ನಮ್ಮ ಬೆನ್ನಿಗಿದೆ. 1929ನೆಯ ಇಸವಿಯ ಶಾರದಾ ಕಾನೂನಿನಲ್ಲಿ ಹೆಣ್ಣುಮಕ್ಕಳಿಗೆ 14 ವರುಷವೆಂದಿದ್ದ ಮದುವೆಯ ವಯಸ್ಸು 1978ರಲ್ಲಿ 18 ಆಯಿತು. ಬಾಲ್ಯವಿವಾಹವನ್ನು ನಿಷೇಧಿಸುವ 2006ನೆಯ ಇಸವಿಯ ಕಾನೂನಿನ ಪ್ರಕಾರ ಇಂಥ ಮದುವೆಯನ್ನು ನಡೆಯುವದಕ್ಕಿಂತ ಮೊದಲೇ ನ್ಯಾಯಾಧೀಶರು ತಡೆಯಬಲ್ಲರು. ನಮ್ಮ ಕರ್ನಾಟಕವು 2016ರ ತಿದ್ದುಪಡಿಯಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಯಾರು ಬೇಕಾದರೂ ತಿಳಿಸಬಹುದು, ಮಗುವೇ ತಿಳಿಸಬಹುದು. ಪೂರ್ವ ವಿದ್ಯಾರ್ಥಿನಿಯರೇ, ನೀವು ಊರೂರುಗಳಲ್ಲಿ ಸೊಸೆಯರೂ ತಾಯಂದಿರೂ ಆಗಿ ನೆಲೆಸಿದ್ದೀರಿ. ನಮ್ಮ ಕಿವಿಗೆ ಶುಕ್ರವಾರ ಬೀಳುವ ಮಾತು ನಿಮ್ಮ ಕಿವಿಗೆ ಮಂಗಳವಾರವೇ ಬೀಳುವದು. ಆ ಮೂರು ದಿವಸಗಳನ್ನು ನಮಗೆ ಕೊಡಿರಿ. ಪಾಲಕರೇ, ಸಾಲದ ತೊಂದರೆಯೋ ಜನರ ಮಾತಿನ ಅಂಜಿಕೆಯೋ ಇದ್ದರೆ, ಮಗಳ ಹೆಸರನ್ನು ತೆಗೆಸುವದಕ್ಕಿಂತ ಮೊದಲು ಒಮ್ಮೆ ಬಂದು ನಮ್ಮ ಸಂಗಡ ಕುಳಿತು ಮಾತಾಡಿರಿ. ಬೋರ್ಡಿಂಗಿನ ಬಾಗಿಲು ಕಲ್ಲಿನದಲ್ಲ, ತಟ್ಟಿದರೆ ತೆರೆಯುವದು.

ಕಥೆಯಲ್ಲಿ ಕರ್ಕನಿಗೆ ಕೈ ಹಿಡಿದು ನಿಲ್ಲಿಸುವದೇ ಕರ್ತವ್ಯವಾಯಿತು. ನಮಗೆ ಅಂಥ ಕರ್ತವ್ಯವು ಬಂದಿಲ್ಲ. ಮುಂದಿನ ಪತ್ರಿಕೆಗಳನ್ನು ನಾವು ಓದಿಲ್ಲವಾದುದರಿಂದ, ಬೀದಿಯಲ್ಲಿ ಲಾರಿಯು ಬರುವಾಗ ಓಡಿಹೋಗಿ ಎಳೆದುಕೊಳ್ಳುವದೊಂದೇ ನಮಗೆ ಗೊತ್ತು. ಅಷ್ಟು ಗೊತ್ತಿದ್ದರೆ ಸಾಕು.

ಅರ್ಧಕ್ಕೆ ನಿಂತ ಆ ಪ್ರಮೇಯವನ್ನು ಕಳೆದ ತಿಂಗಳು ಆ ಮಗಳ ಕೈಯಲ್ಲಿ ಕೊಟ್ಟೆನು. ತಾಯಿಯ ಬರಹದ ಕೆಳಗೆ ಅವಳು ಅದನ್ನು ಮುಗಿಸಿ ತಂದಳು. ಒಂದು ತಪ್ಪಿತ್ತು, ತಿದ್ದಿದ್ದೇನೆ.

ದೇವರ ಕೃಪೆಯು ನಿಮ್ಮೆಲ್ಲರ ಮನೆಗಳ ಮೇಲೆ ಇರಲಿ.